ರೋಗಿಗಳನ್ನು ನೋಡುತ್ತಲೇ ಶ್ವಾಸಕೋಶದ ಕ್ಯಾನ್ಸರಿನ ಜೀವಶಾಸ್ತ್ರವನ್ನೂ ಚಿತ್ರಣವನ್ನೂ ಜೋಡಿಸಿ ಸಂಶೋಧಿಸುವುದು ಹೇಗೆ?

ಪ್ರಶ್ನೆ (ಶ್ವಾಸಕೋಶ ರೋಗಗಳ ವೈದ್ಯ)

ನಾನು ಹದಿಮೂರು ವರ್ಷಗಳಿಂದ ಶ್ವಾಸಕೋಶದ ರೋಗಿಗಳನ್ನು ನೋಡುತ್ತಿರುವ ವೈದ್ಯ. ಸಂಶೋಧನೆಯಲ್ಲಿ ವಿಧಿವತ್ತಾದ ತರಬೇತಿ ನನಗಿಲ್ಲ. ಸ್ನಾತಕೋತ್ತರ ಪದವಿಗೆಂದು ಬರೆದ ಪ್ರಬಂಧವನ್ನು ಬಿಟ್ಟರೆ ಬರೆದದ್ದೂ ಕಡಿಮೆ. ಆದರೆ ಇಬ್ಬರು ರೋಗಿಗಳ ಸ್ಕ್ಯಾನುಗಳು ನನ್ನ ಮನಸ್ಸಿನಿಂದ ಹೋಗುತ್ತಿಲ್ಲವಾದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಮೊದಲನೆಯವರು ಎಂದೂ ಧೂಮಪಾನ ಮಾಡದ ಮಹಿಳೆ. ಬೇರೆ ಕಾರಣಕ್ಕೆ ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ ಅವರ ಬಲ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ 9 ಮಿ.ಮೀ. ಅಗಲದ ಗ್ರೌಂಡ್ ಗ್ಲಾಸ್ ಗಂಟು, ಅಂದರೆ ಹಿಂದಿನ ರಕ್ತನಾಳಗಳು ಮರೆಯಾಗದಷ್ಟು ತೆಳುವಾದ ಮಬ್ಬು ಕಲೆ, ಕಂಡಿತು. ನಾಲ್ಕು ವರ್ಷ ಅದು ಇದ್ದಂತೆಯೇ ಇತ್ತು. ಐದನೆಯ ವರ್ಷ ಅದರ ನಡುವೆ ಘನವಾದ ಭಾಗವೊಂದು ಮೂಡಿತು. ಶಸ್ತ್ರಚಿಕಿತ್ಸೆಯ ನಂತರ ಅಡಿನೋಕಾರ್ಸಿನೋಮಾ (ಶ್ವಾಸಕೋಶದ ಕ್ಯಾನ್ಸರಿನ ಒಂದು ಸಾಮಾನ್ಯ ಬಗೆ) ಎಂದೂ, ಕೋಶಗಳ ಬೆಳವಣಿಗೆಯನ್ನು ನಿಯಂತ್ರಿಸುವ ಇಜಿಎಫ್‌ಆರ್ ಜೀನಿನ 19ನೇ ಎಕ್ಸಾನಿನಲ್ಲಿ ಡಿಲೀಶನ್, ಅಂದರೆ ಆ ಭಾಗದ ತುಣುಕೊಂದು ಕಳೆದುಹೋದ ಮ್ಯುಟೇಶನ್ (ಜೀನಿನ ಬದಲಾವಣೆ), ಇದೆಯೆಂದೂ ವರದಿ ಬಂದಿತು. ಎರಡನೆಯವರ ಗಂಟು ಮೊದಲ ಸ್ಕ್ಯಾನಿನಲ್ಲಿ ಬಹುತೇಕ ಅದೇ ರೀತಿ ಕಾಣುತ್ತಿತ್ತು, ಮುಂದೆ ಸಿಕ್ಕಿದ ಮ್ಯುಟೇಶನ್ ಕೂಡ ಅದೇ. ಆದರೆ ಹನ್ನೊಂದೇ ತಿಂಗಳಲ್ಲಿ ಅದು ಗಟ್ಟಿಯಾಗಿ, ಎದೆಯ ನಡುಭಾಗದ ದುಗ್ಧಗ್ರಂಥಿಗಳಿಗೂ ಹರಡಿತ್ತು.

ಒಂದೇ ಮ್ಯುಟೇಶನ್, ಒಂದೇ ಬಗೆಯ ಚಿತ್ರ, ಆದರೆ ಎರಡು ಬೇರೆ ವೇಗ. ಈ ವ್ಯತ್ಯಾಸದ ಸುಳಿವು ಮೊದಲ ಸ್ಕ್ಯಾನಿನಲ್ಲಿಯೇ ಇದ್ದು ನಾನು ಅದನ್ನು ಓದಲಾರದೆ ಹೋದೆನೇ, ಅಥವಾ ಅದು ಚಿತ್ರದಲ್ಲಿ ಕಾಣದ ಸಂಗತಿಯೇ? ನನ್ನ ಬಳಿ ಪ್ರಯೋಗಾಲಯವಿಲ್ಲ. ಹಲವು ವರ್ಷ ನಾನೇ ಅನುಸರಿಸಿದ ಸುಮಾರು ಇನ್ನೂರು ರೋಗಿಗಳ ಸರಣಿ ಸ್ಕ್ಯಾನುಗಳಿವೆ, ವಾರಕ್ಕೆ ಒಂದು ಮಧ್ಯಾಹ್ನವನ್ನು ಬಿಡುವು ಮಾಡಿಕೊಳ್ಳಬಲ್ಲೆ. ರೇಡಿಯೋಮಿಕ್ಸ್, ಅಂದರೆ ಚಿತ್ರದಿಂದ ನೂರಾರು ಅಂಕೀಯ ಲಕ್ಷಣಗಳನ್ನು ಲೆಕ್ಕ ಹಾಕಿ ತೆಗೆಯುವ ವಿದ್ಯೆಯ, ತಂತ್ರಾಂಶವನ್ನು ಕಲಿತು ಅದರಿಂದ ಆರಂಭಿಸಬೇಕೆಂದು ಕೆಲವರು ಹೇಳುತ್ತಾರೆ. ಅದು ಸರಿಯಾದ ದಾರಿಯೇ ಎಂದು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಎದೆಯ ಚಿತ್ರಣದಲ್ಲಿ ಕೆಲಸ ಮಾಡುವ ರೇಡಿಯಾಲಜಿಸ್ಟ್)

ಮಾನ್ಯರೇ, ತಂತ್ರಾಂಶವನ್ನು ಸದ್ಯಕ್ಕೆ ಬದಿಗಿಡಿ. "ಇದ್ದಂತೆಯೇ ಇತ್ತು" ಎಂದು ನೀವು ಬರೆದ ಮಾತನ್ನೇ ಮೊದಲು ಪರೀಕ್ಷಿಸಬೇಕೆಂದು ನನಗೆ ಅನ್ನಿಸುತ್ತದೆ.

ಗೋಳಾಕಾರದ ಗಂಟೊಂದರ ಘನಗಾತ್ರ ಇಮ್ಮಡಿಯಾಗಲು ಅದರ ವ್ಯಾಸ ಶೇಕಡಾ 26ರಷ್ಟು ಹೆಚ್ಚಿದರೆ ಸಾಕು. ಅಂದರೆ ನಿಮ್ಮ ರೋಗಿಯ 9 ಮಿ.ಮೀ. ಗಂಟು 11.3 ಮಿ.ಮೀ. ಆಗುವಷ್ಟರಲ್ಲಿ ಅದರಲ್ಲಿರುವ ಅಂಗಾಂಶ ಎರಡರಷ್ಟಾಗಿರುತ್ತದೆ. ಅಂಚು ಮಸುಕಾಗಿರುವ ಗ್ರೌಂಡ್ ಗ್ಲಾಸ್ ಗಂಟನ್ನು ಇಬ್ಬರು ಅಳೆದರೆ ಒಂದೆರಡು ಮಿ.ಮೀ. ವ್ಯತ್ಯಾಸ ಬರುವುದು ಸಾಮಾನ್ಯವಾದ್ದರಿಂದ, ಇಮ್ಮಡಿಯಾದ ಗಂಟು ಕೂಡ "ಬದಲಾವಣೆಯಿಲ್ಲ" ಎಂಬ ವರದಿಯನ್ನು ಪಡೆದುಕೊಳ್ಳಬಹುದು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಮ್‌ಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ನೆಲ್ಸನ್ ಎಂಬ ಶ್ವಾಸಕೋಶದ ಕ್ಯಾನ್ಸರ್ ತಪಾಸಣೆಯ ಅಧ್ಯಯನದಲ್ಲಿ ವ್ಯಾಸದ ಬದಲು ಘನಗಾತ್ರವನ್ನು ಅಳೆದದ್ದು ಈ ಕಾರಣದಿಂದಲೇ. ಅಲ್ಲಿಯೂ ಶೇಕಡಾ 25ಕ್ಕಿಂತ ಕಡಿಮೆಯ ಬದಲಾವಣೆಯನ್ನು ಬೆಳವಣಿಗೆಯೆಂದು ಎಣಿಸಲಿಲ್ಲ, ಏಕೆಂದರೆ ಅಷ್ಟು ಏರುಪೇರು ಅಳತೆಯದ್ದೇ ಆಗಿರಬಹುದು.

ಗ್ರೌಂಡ್ ಗ್ಲಾಸ್ ಗಂಟುಗಳಲ್ಲಿ ನಾನು ಇನ್ನೊಂದನ್ನೂ ಲೆಕ್ಕ ಹಾಕುತ್ತೇನೆ. ಸಿ.ಟಿ. ಚಿತ್ರದ ಸಾಂದ್ರತೆಯ ಮಾಪನದಲ್ಲಿ ಗಾಳಿಯ ಸಾಂದ್ರತೆ −1000 ಹೌನ್ಸ್‌ಫೀಲ್ಡ್, ನೀರಿನದು 0. ಗಂಟಿನ ಸರಾಸರಿ ಸಾಂದ್ರತೆಗೆ 1000 ಕೂಡಿಸಿ, ಸಾವಿರದಿಂದ ಭಾಗಿಸಿ, ಬಂದದ್ದನ್ನು ಘನ ಮಿ.ಮೀ.ನಲ್ಲಿರುವ ಗಾತ್ರದಿಂದ ಗುಣಿಸಿದರೆ ಗಂಟಿನ ತೂಕ ಅಂದಾಜು ಮಿಲಿಗ್ರಾಮಿನಲ್ಲಿ ಸಿಗುತ್ತದೆ. ಗಂಟು ಅಗಲವಾಗದೆ ದಟ್ಟವಾಗುತ್ತಿರುವುದು, ಕೆಲವೊಮ್ಮೆ ಕುಗ್ಗುತ್ತಲೇ ದಟ್ಟವಾಗುವುದು, ಈ ಲೆಕ್ಕದಲ್ಲಿ ಬೇಗ ಹೊರಬೀಳುತ್ತದೆ. ನಿಮ್ಮ ಮೊದಲ ರೋಗಿಯ ನಾಲ್ಕು "ಶಾಂತ" ವರ್ಷಗಳನ್ನು ಈ ರೀತಿ ಮತ್ತೆ ಅಳೆದರೆ ಎರಡು ವೇಗಗಳ ಪ್ರಶ್ನೆ ಸ್ವಲ್ಪ ಬೇರೆ ರೂಪ ತಾಳಬಹುದು.

ರೇಡಿಯೋಮಿಕ್ಸ್ ಬಗ್ಗೆ ಕೇಳಿದ್ದೀರಿ. 2014ರಲ್ಲಿ ಬಹಳ ಹೆಸರು ಮಾಡಿದ ಒಂದು ಅಧ್ಯಯನ, ಗಡ್ಡೆಯ ಚಿತ್ರದಿಂದ ತೆಗೆದ ಕೆಲವೇ ಲಕ್ಷಣಗಳಿಂದ ರೋಗಿ ಎಷ್ಟು ಕಾಲ ಬದುಕುವರೆಂಬುದನ್ನು ಊಹಿಸಬಹುದೆಂದು ತೋರಿಸಿತ್ತು. 2019ರಲ್ಲಿ ಅದನ್ನು ಮರುಪರಿಶೀಲಿಸಿದಾಗ, ಆ ಲಕ್ಷಣಗಳು ಹೆಚ್ಚಿನ ಮಟ್ಟಿಗೆ ಗಡ್ಡೆಯ ಗಾತ್ರವನ್ನೇ ಬೇರೆ ಹೆಸರಿನಲ್ಲಿ ಹೇಳುತ್ತಿದ್ದವೆಂದು ಕಂಡುಬಂದಿತು. ಲಕ್ಷಣಗಳ ವ್ಯಾಖ್ಯೆಯೇ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಬೇರೆಯಾಗಿತ್ತು. 2020ರಲ್ಲಿ ಅಂತರರಾಷ್ಟ್ರೀಯ ಗುಂಪೊಂದು 169 ಲಕ್ಷಣಗಳನ್ನು ಒಂದೇ ಅಳತೆಗೆ ತಂದ ಮೇಲೆ ಈ ಗೊಂದಲ ಸ್ವಲ್ಪ ತಗ್ಗಿದೆ. ಇದು ಕೆಲಸಕ್ಕೆ ಬಾರದ ವಿದ್ಯೆಯೆಂದು ನಾನು ಹೇಳುತ್ತಿಲ್ಲ. ಆದರೆ ಸ್ಲೈಸಿನ (ಸ್ಕ್ಯಾನಿನ ಒಂದೊಂದು ಅಡ್ಡಪದರದ) ದಪ್ಪ, ಚಿತ್ರ ಕಟ್ಟುವ ಕರ್ನೆಲ್ (ಚಿತ್ರವನ್ನು ಚುರುಕೋ ಮೃದುವೋ ಮಾಡುವ ಗಣಿತದ ಸೋಸಣಿಗೆ), ಉಸಿರು ಹಿಡಿದ ಮಟ್ಟ ಇವು ಬದಲಾದರೆ ಈ ಲಕ್ಷಣಗಳೂ ಬದಲಾಗುತ್ತವೆ. ನಾನು ವೃತ್ತಿಯ ಆರಂಭದಲ್ಲಿ ಒಂದು ಗಂಟು ಬೆಳೆದಿದೆಯೆಂದು ವರದಿ ಕೊಟ್ಟಿದ್ದೆ; ಹಿಂದಿನ ಸ್ಕ್ಯಾನು 5 ಮಿ.ಮೀ. ಸ್ಲೈಸಿನದು, ಹೊಸದು 1 ಮಿ.ಮೀ.ನದು ಎಂಬುದನ್ನು ಗಮನಿಸಿರಲಿಲ್ಲ. ಆ ರೋಗಿ ಅನಗತ್ಯವಾಗಿ ಬಯಾಪ್ಸಿಗೆ ಒಳಗಾದರು. ಅಂದಿನಿಂದ ಸ್ಲೈಸಿನ ದಪ್ಪವನ್ನು ನೋಡದೆ ಎರಡು ಸ್ಕ್ಯಾನುಗಳನ್ನು ಹೋಲಿಸಿದ್ದಿಲ್ಲ.

ಉತ್ತರ 2 (ಪೆಥಾಲಜಿಸ್ಟ್, ಜೀನ್ ಪರೀಕ್ಷೆಗಳ ವಿಭಾಗ)

ಮೇಲಿನವರು ಅಳತೆಯ ಬಗ್ಗೆ ಹೇಳಿದ್ದು ನ್ಯಾಯವೇ. ಆದರೂ ವೇಗದಲ್ಲಿ ನಿಜವಾದ ವ್ಯತ್ಯಾಸವಿರುತ್ತದೆ, ಅದಕ್ಕೆ ಜೀವಶಾಸ್ತ್ರದಲ್ಲಿ ಕಾರಣಗಳೂ ಇವೆ.

ಇಜಿಎಫ್‌ಆರ್ ಮ್ಯುಟೇಶನ್ ಸಾಮಾನ್ಯವಾಗಿ ಗಡ್ಡೆಯ ಇತಿಹಾಸದ ಮೊದಲ ಪುಟದಲ್ಲಿಯೇ ಬರುವ ಘಟನೆ. ಅದೊಂದೇ ಕ್ಯಾನ್ಸರನ್ನು ತರುವುದಿಲ್ಲ. ವಾಯುಮಾಲಿನ್ಯದ ಬಗ್ಗೆ 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕ್ಯಾನ್ಸರಿಲ್ಲದ ಸಾಮಾನ್ಯ ಶ್ವಾಸಕೋಶದ ಅಂಗಾಂಶವನ್ನು ಬಹಳ ಆಳವಾಗಿ ಪರೀಕ್ಷಿಸಿದಾಗ ಶೇಕಡಾ 18 ಮಾದರಿಗಳಲ್ಲಿ ಇಜಿಎಫ್‌ಆರ್ ಮ್ಯುಟೇಶನ್ನೂ ಶೇಕಡಾ 53ರಲ್ಲಿ ಕೆರಾಸ್ ಎಂಬ ಇನ್ನೊಂದು ಜೀನಿನ ಮ್ಯುಟೇಶನ್ನೂ ಸಿಕ್ಕಿದವು. ಸೂಕ್ಷ್ಮ ಕಣಗಳು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳನ್ನು ಕೆರಳಿಸಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತ ಬಿಡುಗಡೆಯಾಗುವಂತೆ ಮಾಡುತ್ತವೆ, ಸುಮ್ಮನಿದ್ದ ಮ್ಯುಟೇಶನ್ ಕೋಶಗಳು ಆಗ ಎಚ್ಚೆತ್ತುಕೊಳ್ಳುತ್ತವೆ ಎಂಬುದು ಆ ತಂಡದ ತೀರ್ಮಾನ. ವೇಗವನ್ನು ನಿರ್ಧರಿಸುವಲ್ಲಿ ಗಡ್ಡೆ ಬೆಳೆಯದಂತೆ ತಡೆಯುವ ಟಿಪಿ53 ಜೀನಿನ ನಷ್ಟ, ಇಡೀ ಜೀನೋಮ್ ಇಮ್ಮಡಿಯಾಗುವುದು, ಕ್ರೋಮೋಸೋಮುಗಳ ಅಸ್ಥಿರತೆ ಇವುಗಳಿಗೂ ದೊಡ್ಡ ಪಾತ್ರವಿದೆ. ಟ್ರೇಸರ್‌ಎಕ್ಸ್ ಎಂಬ, ಶ್ವಾಸಕೋಶದ ಗಡ್ಡೆಗಳ ವಿಕಾಸವನ್ನು ಅನುಸರಿಸುವ ಯೋಜನೆಯ ಮೊದಲ 100 ರೋಗಿಗಳ ವರದಿಯಲ್ಲಿ (2017) ರೋಗ ಮರುಕಳಿಸುವುದಕ್ಕೂ ಸಾವಿಗೂ ನಂಟು ಕಂಡದ್ದು, ಒಂದೇ ಗಡ್ಡೆಯ ಬೇರೆ ಬೇರೆ ಭಾಗಗಳಲ್ಲಿ ಕ್ರೋಮೋಸೋಮ್ ತುಣುಕುಗಳ ಪ್ರತಿಗಳ ಸಂಖ್ಯೆ ಎಷ್ಟು ಏರುಪೇರಾಗಿದೆ ಎಂಬುದಕ್ಕೆ. ಧೂಮಪಾನ ಮಾಡದ 232 ಜನರ ಗಡ್ಡೆಗಳನ್ನು ಅಧ್ಯಯನ ಮಾಡಿದ 2021ರ ವರದಿಯಲ್ಲಿ ಮೂರು ಗುಂಪುಗಳನ್ನು ಗುರುತಿಸಿ ಸಂಗೀತದ ಶಬ್ದಗಳಿಂದ ಹೆಸರಿಸಿದ್ದಾರೆ. ಅವುಗಳಲ್ಲಿ ಪಿಯಾನೋ ಎಂದು ಕರೆದ ಗುಂಪಿನ ಗಡ್ಡೆಗಳು ಹಲವು ವರ್ಷಗಳ ಕಾಲ ನಿಧಾನವಾಗಿ ಬೆಳೆಯುವಂಥವು.

ನೀವು ಚಿತ್ರವನ್ನೂ ಅಂಗಾಂಶವನ್ನೂ ಜೋಡಿಸುವುದಾದರೆ ನನ್ನದೊಂದು ವಿನಂತಿ ಇದೆ. ಗಂಟಿನ ಯಾವ ಭಾಗದಿಂದ ಅಂಗಾಂಶ ತೆಗೆದು ಜೀನ್ ಪರೀಕ್ಷೆ ಮಾಡಿದರೆಂಬುದನ್ನು ಮರೆಯದೆ ದಾಖಲಿಸಿ. ಚಿತ್ರದಲ್ಲಿ ಮಬ್ಬಾಗಿ ಕಾಣುವ ಭಾಗದಲ್ಲಿ ಸಾಮಾನ್ಯವಾಗಿ ಕ್ಯಾನ್ಸರ್ ಕೋಶಗಳು ಗಾಳಿಗೂಡುಗಳ ಗೋಡೆಗಳ ಮೇಲೆ ಹಾಸಿಕೊಂಡು ಬೆಳೆದಿರುತ್ತವೆ. ಗೂಡುಗಳಲ್ಲಿ ಗಾಳಿ ಇನ್ನೂ ಇರುವುದರಿಂದಲೇ ಅದು ಮಬ್ಬು. ಘನ ಭಾಗದಲ್ಲಿ ಬಹಳ ಸಲ ಅವು ಒಳನುಗ್ಗಿರುತ್ತವೆ, ಆದರೆ ಕುಸಿದ ಅಂಗಾಂಶವೋ ಕಲೆಗಟ್ಟಿದ ನಾರೋ ಕೂಡ ಘನವಾಗಿ ಕಾಣಬಲ್ಲದು. ಶಸ್ತ್ರಚಿಕಿತ್ಸಕರು ತುಣುಕಿನ ದಿಕ್ಕು ಗುರುತಿಸುವ ದಾರವನ್ನು ಹಾಕದೆ ಕಳುಹಿಸಿದರೆ ಈ ಎರಡು ಭಾಗಗಳನ್ನು ಸ್ಕ್ಯಾನಿನೊಂದಿಗೆ ಹೊಂದಿಸುವುದು ಕಷ್ಟ. ಇನ್ನೊಂದು ತೊಡಕೆಂದರೆ, ಸ್ಕ್ಯಾನಿನಲ್ಲಿ ಶ್ವಾಸಕೋಶ ಉಸಿರು ತುಂಬಿ ಹಿಗ್ಗಿರುತ್ತದೆ, ನಮ್ಮ ಮೇಜಿಗೆ ಬರುವಾಗ ಕುಸಿದಿರುತ್ತದೆ. ಆದ್ದರಿಂದ ನನ್ನ ಅಳತೆ ನಿಮ್ಮ ಅಳತೆಗಿಂತ ಚಿಕ್ಕದಾದರೆ ಯಾರದೂ ತಪ್ಪೆಂದು ಭಾವಿಸಬೇಕಾಗಿಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಮೊದಲ ರೋಗಿಯ ಸ್ಕ್ಯಾನುಗಳನ್ನು ತೆರೆದು ಸ್ಲೈಸಿನ ದಪ್ಪ ನೋಡಿದೆ. ಐದರಲ್ಲಿ ಮೂರು 1 ಮಿ.ಮೀ., ಎರಡು 5 ಮಿ.ಮೀ. ಹೋಲಿಸಬಹುದಾದ ಆ ಮೂರರಲ್ಲಿ, ಘನ ಭಾಗ ಕಾಣುವುದಕ್ಕೆ ಎರಡು ವರ್ಷ ಮೊದಲೇ ಗಂಟಿನ ಸಾಂದ್ರತೆ ಏರತೊಡಗಿತ್ತೆಂದು ತೋರುತ್ತದೆ. ಒಬ್ಬರ ವಿಷಯದಲ್ಲಿ ಕಂಡದ್ದನ್ನು ನಂಬಿ ಮುಂದೆ ಹೋಗಬಾರದೆಂಬುದು ತಿಳಿದಿದೆ. ಇನ್ನೂರು ಜನರಲ್ಲಿ ಶಸ್ತ್ರಚಿಕಿತ್ಸೆಯಾಗಿ ಜೀನ್ ವರದಿ ಇರುವವರು 34 ಮಂದಿ, ಉಳಿದವರನ್ನು ಗಮನಿಸುತ್ತಿದ್ದೇವೆ. ಈ 34 ಜನರಲ್ಲಿ ಮ್ಯುಟೇಶನ್ನಿಗೂ ಬೆಳವಣಿಗೆಯ ವೇಗಕ್ಕೂ ಇರುವ ಸಂಬಂಧವನ್ನು ನೋಡಿದರೆ ಸಾಲುವುದೇ?

ಉತ್ತರ 3 (ಕ್ಯಾನ್ಸರ್ ವೈದ್ಯೆ, ಸಂಖ್ಯಾಶಾಸ್ತ್ರದ ತರಬೇತಿ ಪಡೆದವರು)

ಸಾಲುವುದಿಲ್ಲವೆಂದು ನೇರವಾಗಿ ಹೇಳಬೇಕಾಗಿದೆ, ಮತ್ತು ಅದಕ್ಕೆ ಸಂಖ್ಯೆ ಚಿಕ್ಕದೆಂಬುದು ಮುಖ್ಯ ಕಾರಣವಲ್ಲ. ಆ 34 ಜನರಿಗೆ ಶಸ್ತ್ರಚಿಕಿತ್ಸೆಯಾದದ್ದೇ ಅವರ ಗಂಟು ಬೆಳೆದದ್ದರಿಂದ. ಬೆಳೆಯದೆ ಉಳಿದ ಗಂಟುಗಳಲ್ಲಿ ಯಾವ ಮ್ಯುಟೇಶನ್ ಇದೆಯೆಂಬುದು ನಿಮಗೆ ತಿಳಿಯುವ ದಾರಿಯಿಲ್ಲ, ಅಷ್ಟು ಚಿಕ್ಕ ಮಬ್ಬು ಗಂಟುಗಳ ಡಿಎನ್‌ಎ ರಕ್ತದಲ್ಲಿ ಸಾಮಾನ್ಯವಾಗಿ ಪತ್ತೆಯಾಗುವುದೂ ಇಲ್ಲ. ಬೆಳೆದವುಗಳನ್ನು ಮಾತ್ರ ನೋಡಿ ಬೆಳವಣಿಗೆಗೆ ಕಾರಣ ಹುಡುಕಿದರೆ ಎಷ್ಟು ಎಚ್ಚರಿಕೆಯಿಂದ ಲೆಕ್ಕ ಮಾಡಿದರೂ ಉತ್ತರ ಒಂದು ಕಡೆಗೆ ವಾಲಿರುತ್ತದೆ.

ಆದರೆ ನಿಮ್ಮ ಬಳಿ ಇನ್ನೊಂದು ಸಂಪತ್ತು ಇರಬಹುದು. ಗ್ರೌಂಡ್ ಗ್ಲಾಸ್ ಗಂಟುಗಳಿರುವ ಹಲವರಲ್ಲಿ ಅವು ಒಂದಕ್ಕಿಂತ ಹೆಚ್ಚು ಇರುತ್ತವೆ. ಒಂದೇ ವ್ಯಕ್ತಿಯ ಎರಡು ಗಂಟುಗಳನ್ನು ತೆಗೆದು ಪರೀಕ್ಷಿಸಿದಾಗ ಅವುಗಳ ಮ್ಯುಟೇಶನ್‌ಗಳು ಎಷ್ಟೋ ಸಲ ಬೇರೆ ಬೇರೆಯಾಗಿರುತ್ತವೆ, ಅಂದರೆ ಒಂದು ಇನ್ನೊಂದರಿಂದ ಹರಡಿದ್ದಲ್ಲ, ಎರಡೂ ಸ್ವತಂತ್ರವಾಗಿ ಹುಟ್ಟಿದವು. ಅಂಥ ರೋಗಿಯಲ್ಲಿ ವಯಸ್ಸು, ಉಸಿರಾಡಿದ ಗಾಳಿ, ಹೆತ್ತವರಿಂದ ಬಂದ ಜೀನುಗಳು, ಸ್ಕ್ಯಾನು ಮಾಡಿದ ಯಂತ್ರ, ಸ್ಕ್ಯಾನಿನ ದಿನ ಎಲ್ಲವೂ ಎರಡೂ ಗಂಟುಗಳಿಗೆ ಒಂದೇ. ಆದರೂ ಒಂದು ಬೆಳೆದು ಇನ್ನೊಂದು ಸುಮ್ಮನಿದ್ದರೆ, ಆ ವ್ಯತ್ಯಾಸ ಗಂಟಿನೊಳಗಿನದೆಂದು ಬಹುಮಟ್ಟಿಗೆ ಧೈರ್ಯದಿಂದ ಹೇಳಬಹುದು. ನಿಮ್ಮ ಇಬ್ಬರು ರೋಗಿಗಳನ್ನು ಹೋಲಿಸುವುದಕ್ಕಿಂತ ಇದು ಬಹಳ ಗಟ್ಟಿಯಾದ ಹೋಲಿಕೆ. ಎರಡೂ ಗಂಟುಗಳ ಅಂಗಾಂಶ ಸಿಗುವ ರೋಗಿಗಳು ಕೆಲವರೇ ಇರುತ್ತಾರೆ. ಆದ್ದರಿಂದ ಮೊದಲ ಹಂತವನ್ನು ಚಿತ್ರಕ್ಕೆ ಮಾತ್ರ ಸೀಮಿತಗೊಳಿಸಿ, ಮೊದಲ ಸ್ಕ್ಯಾನಿನ ಸಾಂದ್ರತೆ ಮುಂದಿನ ಬೆಳವಣಿಗೆಯನ್ನು ಸೂಚಿಸುತ್ತದೆಯೇ ಎಂದಷ್ಟೇ ಕೇಳಿ. ಅಂಗಾಂಶದ ಪ್ರಶ್ನೆ ಎರಡನೆಯ ಹಂತಕ್ಕಿರಲಿ.

ಲೆಕ್ಕ ಮಾಡುವಾಗ ಒಬ್ಬರದೇ ಗಂಟುಗಳನ್ನು ಪರಸ್ಪರ ಸಂಬಂಧವಿಲ್ಲದವುಗಳಂತೆ ಎಣಿಸಬಾರದು. ಬೆಳವಣಿಗೆ ಶುರುವಾದ ದಿನ ನಿಮಗೆ ಗೊತ್ತಿಲ್ಲ, ಎರಡು ಸ್ಕ್ಯಾನುಗಳ ನಡುವೆ ಎಲ್ಲೋ ಎಂಬುದಷ್ಟೇ ಗೊತ್ತು. ಅಂಥ ದತ್ತಾಂಶಕ್ಕೆಂದೇ ಇರುವ ವಿಧಾನವನ್ನು ಬಳಸುವ ಸಂಖ್ಯಾಶಾಸ್ತ್ರಜ್ಞರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಯಾವ ಒಂದೆರಡು ಅಳತೆಗಳನ್ನು ನೋಡುತ್ತೀರಿ, ಬೆಳವಣಿಗೆ ಎಂದರೆ ಏನು ಎಂಬುದನ್ನು ದತ್ತಾಂಶ ತೆರೆಯುವ ಮೊದಲೇ ಬರೆದಿಟ್ಟು ನೈತಿಕ ಸಮಿತಿಯ ಅನುಮತಿ ಪಡೆಯಿರಿ. ಸ್ಕ್ಯಾನು ಕಡತಗಳ ಒಳಗೆ ರೋಗಿಯ ಹೆಸರೂ ಜನ್ಮದಿನಾಂಕವೂ ಅಡಗಿರುತ್ತವೆ, ಕೆಲವು ಚಿತ್ರಗಳ ಮೇಲೆಯೇ ಅಚ್ಚಾಗಿರುತ್ತವೆ. ಅವನ್ನು ಅಳಿಸದೆ ಒಂದು ಕಡತವೂ ನಿಮ್ಮ ಆಸ್ಪತ್ರೆಯಿಂದ ಹೊರಗೆ ಹೋಗಕೂಡದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎರಡು ಸಂಜೆ ಕುಳಿತು ಪಟ್ಟಿ ಮಾಡಿದೆ. ಒಂದಕ್ಕಿಂತ ಹೆಚ್ಚು ಗಂಟುಗಳಿರುವವರು 41 ಮಂದಿ, ಅವರಲ್ಲಿ ತೆಳು ಸ್ಲೈಸಿನ ಸ್ಕ್ಯಾನುಗಳು ಕನಿಷ್ಠ ಮೂರು ಇರುವವರು 26 ಮಂದಿ. ಇಷ್ಟು ವರ್ಷ ಅವರ ದೊಡ್ಡ ಗಂಟನ್ನಷ್ಟೇ ಅಳೆದು, ಪಕ್ಕದ ಚಿಕ್ಕದನ್ನು ವರದಿಯ ಕೊನೆಯ ಸಾಲಿಗೆ ಬಿಟ್ಟಿದ್ದೆ ಎಂಬುದು ಈಗ ಮನಸ್ಸಿಗೆ ನಾಟುತ್ತಿದೆ. ಅಧ್ಯಯನದ ವಿಧಾನವನ್ನು ಬರೆಯತೊಡಗಿದ್ದೇನೆ. ಅನುಮತಿ ದೊರೆತ ಮೇಲೆ, ಅಳೆಯುವ ಎರಡನೆಯ ವ್ಯಕ್ತಿಯಾಗಿ ಮೊದಲ ಉತ್ತರ ಕೊಟ್ಟ ತಜ್ಞರು ಒಪ್ಪುವರೇ?

ಉತ್ತರ 1ರವರ ಪ್ರತಿಕ್ರಿಯೆ

ಸಂತೋಷದಿಂದ ಒಪ್ಪುತ್ತೇನೆ. ರೋಗಿಯ ವಿವರಗಳ ಜೊತೆಗೆ ಸ್ಕ್ಯಾನಿನ ದಿನಾಂಕಗಳನ್ನೂ ಜೀನ್ ವರದಿಯನ್ನೂ ನನ್ನಿಂದ ಮರೆಮಾಡಿ, ಕ್ರಮವನ್ನು ಕಲೆಸಿ ಕಳುಹಿಸಿ. ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ತಿಳಿದರೆ ನನ್ನ ಕಣ್ಣು ತಾನಾಗಿಯೇ ಬೆಳವಣಿಗೆಯನ್ನು ಹುಡುಕತೊಡಗುತ್ತದೆ. ಹತ್ತು ಗಂಟುಗಳನ್ನು ನನಗೆ ತಿಳಿಸದೆ ಎರಡು ಬಾರಿ ಸೇರಿಸಿಡಿ. ಅದೇ ಗಂಟನ್ನು ನಾನು ಎರಡನೆಯ ಸಲ ಅಳೆದಾಗ ಎಷ್ಟು ವ್ಯತ್ಯಾಸ ಬರುತ್ತದೆಂಬುದು ನಿಮಗೆ ಮೊದಲು ಸಿಗಲಿ. 26 ಮಂದಿಯ ಉಳಿದ ಸ್ಕ್ಯಾನುಗಳನ್ನು ಅದಾದ ಮೇಲೆ ಕಳುಹಿಸಿದರೆ ಸಾಕು.