ರಂಜಾನ್, ಕ್ರಿಸ್‌ಮಸ್ ಮಾಲು ದಿನಸಿ ಅಂಗಡಿಯಲ್ಲಿ ಇಡಬೇಕಾ?

ಹಾಸನ_ದಿನಸಿ:
ನಮ್ಮದು ಮಧ್ಯಮ ಗಾತ್ರದ ದಿನಸಿ ಅಂಗಡಿ, ಇರೋದು ಒಂದೇ ಫ್ರಿಜ್. ಗಣಪತಿ ಹಬ್ಬ, ದೀಪಾವಳಿಗೆ ಬೇಕಾದ್ದೆಲ್ಲ ಇಡುತ್ತೇವೆ. ಖಾಯಂ ಗಿರಾಕಿಗಳಲ್ಲಿ ಮುಸ್ಲಿಂ, ಕ್ರೈಸ್ತ, ಜೈನ ಮನೆಯವರೂ ಇದ್ದಾರೆ. ಅವರ ಹಬ್ಬಗಳಿಗೂ ಮಾಲು ತರಿಸಬೇಕಾ? ತರಿಸಿದರೆ ಏನು, ಎಷ್ಟು, ಯಾವಾಗ? ಮಾಲು ಕೂತುಬಿಟ್ಟರೆ ಅನ್ನೋದೇ ಚಿಂತೆ.

ಸಗಟು_ಮಳಿಗೆ:
ಖಂಡಿತ ತರಿಸಿ. ವರ್ಷವಿಡೀ ಅಕ್ಕಿ, ಎಣ್ಣೆ ನಿಮ್ಮಲ್ಲೇ ಒಯ್ಯುವವರು ಹಬ್ಬಕ್ಕೆ ಮಾತ್ರ ಬೇರೆ ಅಂಗಡಿ ಹುಡುಕುವಂತಾಗಬಾರದು. ಆದರೆ ಮೊದಲ ವರ್ಷ ಅಡುಗೆಮನೆ ಸಾಮಾನಿಗೆ ನಿಲ್ಲಿಸಿ. ತೋರಣ, ಚಂದ್ರ-ನಕ್ಷತ್ರದ ದೀಪ ಮಿಕ್ಕರೆ ವರ್ಷಪೂರ್ತಿ ಗೋದಾಮಿನಲ್ಲಿ ಕೂರುತ್ತೆ. ಶಾವಿಗೆ, ದ್ರಾಕ್ಷಿ, ಗೋಡಂಬಿ ಮಿಕ್ಕರೂ ಹೇಗೋ ಖರ್ಚಾಗುತ್ತೆ.

ರಂಜಾನ್‌ನಲ್ಲಿ ಅಂಗಡಿಯವರು ಎಡವೋದು ತಾರೀಖಿನಲ್ಲಿ. ಮುಸ್ಲಿಮರ ಚಾಂದ್ರಮಾನ ಹಿಜ್ರಿ ವರ್ಷಕ್ಕೆ 354 ಅಥವಾ 355 ದಿನ, ನಮ್ಮ ಪಂಚಾಂಗದ ಹಾಗೆ ಅಧಿಕ ಮಾಸ ಇಲ್ಲ. ಹೀಗಾಗಿ ಪ್ರತಿ ವರ್ಷ 10-11 ದಿನ ಮೊದಲೇ ಬರುತ್ತೆ. ಹೋದ ವರ್ಷದ ಬಿಲ್ ನೋಡಿ ಅದೇ ತಾರೀಖಿಗೆ ಆರ್ಡರ್ ಕೊಟ್ಟರೆ ಮೊದಲ ವಾರದ ವ್ಯಾಪಾರ ಕೈತಪ್ಪಿತು ಅಂತಲೇ. ಖರ್ಜೂರ ಹೆಚ್ಚು ಹೋಗೋದೇ ಆ ವಾರ.

ಕಿಮಿಯಾ ಮೆತ್ತಗಿನ, ತೇವದ ಖರ್ಜೂರ. ಬೇಸಿಗೆಯಲ್ಲಿ ಹೊರಗಿಟ್ಟರೆ ಹುಳಿ ವಾಸನೆ ಹಿಡಿಯುತ್ತೆ. ಫ್ರಿಜ್ ಒಂದೇ ಅಂದಿರಲ್ಲ, ಕಿಮಿಯಾ 10 ಕಿಲೋ ಸಾಕು, ಜತೆಗೆ ಝಾಹಿದಿಯಂಥ ಅರೆ ಒಣಗಿದ ಜಾತಿ 20 ಕಿಲೋ. ಪ್ಯಾಕಿನ ಮೇಲೆ ಆಮದುದಾರರ ವಿಳಾಸ, ಎಫ್‌ಎಸ್‌ಎಸ್‌ಎಐ ನಂಬರ್ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಕಾಮಕಸ್ತೂರಿ ಬೀಜ, ಕಡಲೆಹಿಟ್ಟು, ಶರಬತ್ತು ತಿಂಗಳಿಡೀ ಹೋಗುತ್ತವೆ. ಕೊನೆಯ ಹತ್ತು ದಿನ ಬೇಡಿಕೆ ಈದ್‌ನ ಶಾವಿಗೆ ಪಾಯಸ ಶೀರ್ ಖುರ್ಮಾ ಕಡೆ ತಿರುಗುತ್ತೆ: ಸಣ್ಣೆಳೆ ಶಾವಿಗೆ, ಉತ್ತುತ್ತೆ, ಚಾರೋಲಿ, ಪಿಸ್ತಾ. ಚಂದ್ರ ಕಾಣುವ ರಾತ್ರಿ ಬಾಗಿಲು ತಡವಾಗಿ ಹಾಕಿ, ಹಾಲು ಮಾಮೂಲಿಗಿಂತ ಹೆಚ್ಚು ತರಿಸಿ. 2024ರಲ್ಲಿ ಕರಾವಳಿಯಲ್ಲಿ ಏಪ್ರಿಲ್ 10ಕ್ಕೆ ಈದ್, ಬೆಂಗಳೂರು ಕಡೆ 11ಕ್ಕೆ. ಹಾಲಿನವರಿಗೆ ಎರಡೂ ದಿನದ ಲೆಕ್ಕ ಹೇಳಿಟ್ಟಿರಬೇಕು.

ಕುಡ್ಲ_ಬೇಕಿಂಗ್:
ಕ್ರಿಸ್‌ಮಸ್ ಮಾಲು ಡಿಸೆಂಬರ್ 20ಕ್ಕೆ ತಂದರೆ ಪ್ರಯೋಜನವಿಲ್ಲ. ಕೇಕಿನ ಒಣಹಣ್ಣನ್ನು ರಮ್ ಅಥವಾ ದ್ರಾಕ್ಷಿ ರಸದಲ್ಲಿ ವಾರಗಟ್ಟಲೆ ನೆನೆಸಿಡುತ್ತಾರೆ. ದ್ರಾಕ್ಷಿ, ಚೆರ್ರಿ, ಟೂಟಿ ಫ್ರೂಟಿ, ಕಿತ್ತಳೆ ಸಿಪ್ಪೆ ಅಕ್ಟೋಬರ್ ಕೊನೆಗೇ ಬರಲಿ. ಮನೆ ಮುಂದೆ ತೂಗುಹಾಕುವ ನಕ್ಷತ್ರ ಇಡೋದಾದರೆ ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳು) ಮೊದಲ ಭಾನುವಾರಕ್ಕೆ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ.

ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಮಾಡುವವರಿಗೆ ಹಿಟ್ಟು ಅದ್ದಿ ಕರಿಯುವ ಗುಲಾಬಿ ಹೂವಿನ ಅಚ್ಚು ಬೇಕೇ ಬೇಕು, ನಾಲ್ಕೈದು ಇಡಿ. ಹೊಸ ಅಚ್ಚಿಗೆ ಹಿಟ್ಟು ಅಂಟಿಕೊಂಡು ಬಿಡೋದೇ ಇಲ್ಲ, ಗಿರಾಕಿ ವಾಪಸ್ ತರುತ್ತಾರೆ. ಮಾರುವಾಗಲೇ ಹೇಳಿ: ಮೊದಲು ರಾತ್ರಿಯಿಡೀ ಎಣ್ಣೆಯಲ್ಲಿ ಮುಳುಗಿಸಿಡಬೇಕು, ಪ್ರತಿ ಸಲ ಕಾದ ಎಣ್ಣೆಯಲ್ಲಿ ಬಿಸಿ ಮಾಡಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಹಿಟ್ಟು ಮೇಲಂಚು ದಾಟಿದರೆ ಹೂವು ಕಳಚೋಲ್ಲ.

ಮಾರ್ಷ್‌ಮೆಲೋ, ಜೆಲ್ಲಿಯಲ್ಲಿ ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಅಂಟು) ಇದೆಯಾ ಅಂತ ಲೇಬಲ್ ಓದಿಯೇ ತರಿಸಿ. ಮುಸ್ಲಿಂ, ಜೈನ ಗಿರಾಕಿಗಳು ಕೇಳಿದಾಗ ಸರಿಯಾದ ಉತ್ತರ ಕೊಡಬೇಕಾಗುತ್ತೆ.

ಮಲೆನಾಡ್_ಸ್ಟೋರ್ಸ್:
ಒಂದು ವಿಷಯದಲ್ಲಿ ಹುಷಾರು. ಧರ್ಮಗ್ರಂಥ, ಜಪಮಾಲೆ, ಮೂರ್ತಿಗಳನ್ನು ಅದನ್ನೇ ಮಾರುವ ಅಂಗಡಿಗಳಿಗೆ ಬಿಡಿ. ಏಸುವಿನ ಚಿತ್ರ, ಅರಬಿ ಬರಹ ಇರುವ ಪೇಪರ್ ತಟ್ಟೆ, ಕೈಚೀಲ ತರಿಸಲೇಬೇಡಿ. ಉಂಡು ಕಸದ ಬುಟ್ಟಿಗೆ ಎಸೆಯುವ ವಸ್ತು ಅದು, ಮನಸ್ಸು ನೋಯುತ್ತೆ. ಮಸೀದಿ ಬೀದಿಯ ತಳ್ಳುಗಾಡಿಯವರ ಖರ್ಜೂರದ ದರ ಮುರಿಯುವ ಆಫರ್ ಕೂಡ ಹಾಕಬೇಡಿ. ಆ ಒಂದು ತಿಂಗಳ ದುಡಿಮೆ ಅವರಿಗೆ ದೊಡ್ಡದು.

ಜೈನರಿಗೆ ಪ್ರತ್ಯೇಕ ಮಾಲೇನೂ ಬೇಡ. ದಿಗಂಬರರ ದಶಲಕ್ಷಣ ಪರ್ವ ಭಾದ್ರಪದ ಶುದ್ಧ ಪಂಚಮಿಗೆ, ಗಣೇಶ ಚೌತಿಯ ಮಾರನೇ ದಿನವೇ ಶುರುವಾಗಿ ಅನಂತ ಚತುರ್ದಶಿವರೆಗೆ ನಡೆಯುತ್ತೆ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಕುರುಕಲು ತಿಂಡಿಗಳನ್ನು ಒಂದೇ ಕಡೆ ಜೋಡಿಸಿ ಬೋರ್ಡ್ ಹಾಕಿ. ಬೋರ್ಡ್ ಹಾಕೋ ಮುಂಚೆ ಪ್ರತಿ ಪ್ಯಾಕಿನ ಹಿಂಬದಿ ಓದಿ. ಮಸಾಲೆ ಶೇಂಗಾದಲ್ಲೂ ಬೆಳ್ಳುಳ್ಳಿ ಪುಡಿ ಇರುತ್ತೆ.