ಟಿವಿ ವಿಡಿಯೊ ಇಟ್ಟುಕೊಂಡು 25 ಮೀಟರ್ ಪಿಸ್ತೂಲ್ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯೋ ಅಭ್ಯಾಸ): ಅಳತೆ ಹೇಗೆ?

ಪ್ರಶ್ನೆ: ಹಾಲ್‌ನಲ್ಲಿ ಕಣ್ಣಿಗೂ ಟಿವಿಗೂ ಸರಿಯಾಗಿ 4 ಮೀಟರ್ ಸಿಗುತ್ತೆ. ರ‍್ಯಾಪಿಡ್ ಹಂತಕ್ಕೆ (ಪ್ರತಿ ಸಲ ಹಸಿರು ದೀಪ ಬಂದಾಗ ಒಂದೇ ಗುಂಡು ಹೊಡೆಯೋ ಸುತ್ತು) ವಿಡಿಯೊ ಮಾಡ್ಕೋಬೇಕು. ಕಪ್ಪು ವೃತ್ತ ಎಷ್ಟಿರಬೇಕು, ಟೈಮಿಂಗ್ ಹೇಗಿಡಲಿ?

ಉತ್ತರ 1: ಅಸಲಿ ಟಾರ್ಗೆಟ್‌ನ ಕಪ್ಪು 500 ಮಿ.ಮೀ. ಅದನ್ನು 4ರಿಂದ ಗುಣಿಸಿ 25ರಿಂದ ಭಾಗಿಸಿ: 80 ಮಿ.ಮೀ. ಲೆಕ್ಕ ನಂಬ್ಕೊಂಡು ಕೂರಬೇಡಿ, ಪರದೆ ಮೇಲೇ ಸ್ಕೇಲ್ ಹಿಡಿದು ಅಳೆಯಿರಿ. ಟಿವಿಯಲ್ಲಿ ಓವರ್‌ಸ್ಕ್ಯಾನ್ (ಚಿತ್ರದ ಅಂಚು ಕತ್ತರಿಸೋ ಸೆಟ್ಟಿಂಗ್) ಆನ್ ಇದ್ದರೆ ಚಿತ್ರ ಹಿಗ್ಗಿರುತ್ತೆ. 7 ಸೆಕೆಂಡ್ ಕೆಂಪು, 3 ಸೆಕೆಂಡ್ ಹಸಿರು, ಹೀಗೆ 5 ಸಲ. ಬೀಪ್ ಸೇರಿಸಬೇಡಿ; ಬ್ಲೂಟೂತ್ ಸ್ಪೀಕರ್‌ನಲ್ಲಿ ಅದು ತಡವಾಗಿ ಕೇಳಿಸುತ್ತೆ.

ಉತ್ತರ 2: ಎಲ್ಲರೂ ಮರೆಯೋದು ಎತ್ತರ. ರೇಂಜ್‌ನಲ್ಲಿ ಟಾರ್ಗೆಟ್ ಮಧ್ಯ ಸುಮಾರು 1.40 ಮೀಟರ್. ನಿಮ್ಮ ಕಣ್ಣು 1.60ರಲ್ಲಿದ್ದರೆ ವ್ಯತ್ಯಾಸ 20 ಸೆಂ.ಮೀ.; 4 ಮೀಟರ್‌ಗೆ ಅದು ಬರೀ 3.2 ಸೆಂ.ಮೀ. ಅಂದ್ರೆ ವೃತ್ತ ಹೆಚ್ಚುಕಡಿಮೆ 1.57 ಮೀಟರ್‌ನಲ್ಲಿರಬೇಕು. ಸ್ಟ್ಯಾಂಡ್ ಮೇಲಿನ ಟಿವಿಗೆ ಹೊಡೆದು ಹೊಡೆದು ಕೈ ಕೆಳಗೇ ನಿಲ್ಲೋಕೆ ಕಲಿಯುತ್ತೆ. ಗೋಡೆಗೆ ಎತ್ತರದಲ್ಲಿ ಹಾಕಿಸಿ, ಇಲ್ಲಾಂದ್ರೆ ಟಿವಿ ಆಸೆ ಬಿಡಿ.

ಉತ್ತರ 3: ಸರ್, ಮೊದಲು ಮದ್ದುಗುಂಡು ಬೇರೆ ರೂಮಲ್ಲಿ. ಮ್ಯಾಗಜೀನ್ ತೆಗೆದು ಚೇಂಬರ್ (ಗುಂಡು ಕೂರೋ ಜಾಗ) ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. .22 ರಿಮ್‌ಫೈರ್ (ಪಿನ್ ಗುಂಡಿನ ಅಂಚಿಗೆ ಹೊಡೆಯೋ ಬಗೆ) ಆದರೆ ಡ್ರೈ ಫೈರ್ ಪ್ಲಗ್, ಅಂದ್ರೆ ಗುಂಡಿನ ಜಾಗದಲ್ಲಿ ಕೂರೋ ಡಮ್ಮಿ, ಹಾಕಿ. ಖಾಲಿ ಹೊಡೆದರೆ ಕೆಲವು ಪಿಸ್ತೂಲ್‌ಗಳಲ್ಲಿ ಪಿನ್ ಚೇಂಬರ್ ಅಂಚಿಗೆ ಬಡಿಯುತ್ತೆ. ಕೆಂಪಿದ್ದಾಗ ತೋಳು 45 ಡಿಗ್ರಿಗಿಂತ ಮೇಲೇಳಬಾರದು. ಫೋನಲ್ಲಿ ಪಕ್ಕದಿಂದ ರೆಕಾರ್ಡ್ ಮಾಡಿ, ಹಸಿರಿಗೆ ಮುಂಚೆ ಕೈ ಅಲ್ಲಾಡೋದು ಅದರಲ್ಲೇ ಸಿಕ್ಕಿಬೀಳುತ್ತೆ.