ಬ್ಯಾಲಿಸ್ಟಾ ಬಾಣ ಎಡಕ್ಕೇ ಹೋಗುತ್ತಿದೆ, ಏನು ಮಾಡಿದರೂ ಸರಿಯಾಗ್ತಿಲ್ಲ

ತೊಲೆಮನೆ:
ಮೂರು ವಾರದಿಂದ ಇದರ ಹಿಂದೆಯೇ ಬಿದ್ದಿದ್ದೇನೆ, ಸಾಕಾಗಿ ಹೋಗಿದೆ. ರೋಮನ್ನರ ಬಾಣ ಎಸೆಯುವ ಕ್ಯಾಟಪಲ್ಟ್ ಮಾದರಿ. ಎರಡೂ ಬದಿಗೆ ತಿರುಚಿ ಬಿಗಿದ ಹಗ್ಗದ ಕಟ್ಟು, ಅದರ ಬಿಗಿಯಿಂದ ಎರಡು ತೋಳು ಚಿಮ್ಮಿ ಬಾಣ ಹಾರುತ್ತದೆ. ಸಾಗುವಾನಿ ಚೌಕಟ್ಟು. ಬಾಣ 45 ಸೆಂ.ಮೀ., ಅದರ ಒಂಬತ್ತನೇ ಒಂದು ಭಾಗ ಹಗ್ಗದ ಕಟ್ಟು ಹಾಯುವ ತೂತಿನ ಅಗಲ, ಅಂದರೆ 5 ಸೆಂ.ಮೀ. ಲೆಕ್ಕದಲ್ಲಿ ತಪ್ಪಿಲ್ಲ, ನಾಲ್ಕು ಸಲ ಅಳೆದಿದ್ದೇನೆ. 20 ಮೀಟರ್ ದೂರದ ಗುರಿಗೆ ಪ್ರತಿ ಸಲವೂ ಮುಕ್ಕಾಲು ಮೀಟರ್ ಎಡಕ್ಕೆ ಬೀಳುತ್ತದೆ. ಗಾಳಿ ಇಲ್ಲ. ದಯವಿಟ್ಟು ಯಾರಾದರೂ ಹೇಳಿ.

ಗರಿಗಾರ:
ಬಾಣದ ಗರಿ ನೋಡಿ ಸರ್. ಸಿರಿಯಾದ ಡ್ಯೂರಾ ಯೂರೋಪಸ್‌ನಲ್ಲಿ ಸಿಕ್ಕ ಬಾಣಗಳಿಗೆ ಮರದ ಮೂರೇ ರೆಕ್ಕೆ. ಕೆಳಗೆ ರೆಕ್ಕೆ ಇದ್ದರೆ ಬಾಣ ಕೂರುವ ಜಾರುಪಟ್ಟಿಗೆ ತಾಗುತ್ತದೆ, ಬಾಣ ಓರೆಯಾಗುತ್ತದೆ. ನೂರಕ್ಕೆ ನೂರು ಇದೇ.

ಕೋಟೆಕೊತ್ತಲ:
ಶೀರ್ಷಿಕೆಯಲ್ಲಿ ಬ್ಯಾಲಿಸ್ಟಾ, ಒಳಗೆ ಕ್ಯಾಟಪಲ್ಟ್. ಯಾವುದು ಇದು? ಕ್ರಿ.ಪೂ. 1ನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿರುವುದು ಸ್ಪಷ್ಟವಾಗಿದೆ. ಬಾಣಕ್ಕೆ ಕ್ಯಾಟಪುಲ್ಟಾ, ಕಲ್ಲಿಗೆ ಬ್ಯಾಲಿಸ್ಟಾ. ಹೆಸರು ಸರಿ ಇಲ್ಲದಿದ್ದರೆ ಅಳತೆಯ ಸೂತ್ರವೂ ತಪ್ಪುತ್ತದೆ. ಕಲ್ಲಿನ ಯಂತ್ರಕ್ಕೆ ಒಂಬತ್ತನೇ ಒಂದು ಭಾಗ ನಡೆಯುವುದಿಲ್ಲ, ಅಲ್ಲಿ ಕಲ್ಲಿನ ತೂಕದ ಘನಮೂಲ ಬೇಕು.

ತೊಲೆಮನೆ:
ಬಾಣದ್ದೇ ಸರ್. ಗರಿ ಮೂರೇ ಇವೆ. ಆದರೂ ಈ ಭಾನುವಾರ ಆರು ಬಾಣ ಹೊಸದಾಗಿ ಮಾಡಿ ನೋಡುತ್ತೇನೆ.

ಮೈನ್‌ದಂಡೆ:
ಹೆಸರಿನ ವಿಷಯ ಅಷ್ಟು ಸರಳ ಅಲ್ಲ. ಕ್ರಿ.ಶ. 4ನೇ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಓದಿದರೆ ಬಾಣ ಎಸೆಯುವುದೇ ಬ್ಯಾಲಿಸ್ಟಾ. ಕಲ್ಲು ಎಸೆಯುವ ಒಂಟಿ ತೋಳಿನ ಯಂತ್ರಕ್ಕೆ ಅವನು ಓನಗರ್ ಎನ್ನುತ್ತಾನೆ, ಅಂದರೆ ಕಾಡುಕತ್ತೆ. ಬೇಟೆಗಾರರು ಅಟ್ಟಿಸಿಕೊಂಡು ಬಂದಾಗ ಅದು ಹಿಂಗಾಲಿನಿಂದ ಕಲ್ಲು ಒದೆಯುತ್ತದೆ ಅಂತ ಆ ಹೆಸರು. ನಾನೂರು ವರ್ಷದಲ್ಲಿ ಪದ ಒಂದರಿಂದ ಇನ್ನೊಂದಕ್ಕೆ ಜಾರಿದೆ. ತೊಲೆಮನೆಯವರು ಎರಡನ್ನೂ ಬಳಸಿದ್ದು ತಪ್ಪೇನಲ್ಲ.

ಕೋಟೆಕೊತ್ತಲ:
ಜಾರಿದ್ದು ನಿಜ, ಹಾಗಂತ ಬೆರೆಸಬಾರದು. ಬ್ಯಾಲಿಸ್ಟಾ ಬಂದಿದ್ದು ಗ್ರೀಕಿನ 'ಎಸೆ' ಎಂಬ ಮಾತಿನಿಂದ, ಅದು ಯಾವುದಕ್ಕೂ ಹೊಂದುತ್ತದೆ. ಕ್ಯಾಟಪಲ್ಟ್ ಹಾಗಲ್ಲ. ಪೆಲ್ಟೆ ಎಂದರೆ ಗುರಾಣಿ, ಗುರಾಣಿ ಸೀಳುವಂಥದ್ದು ಎಂದು ಕೆಲವರು ಬಿಡಿಸುತ್ತಾರೆ, ಬೀಸಿ ಎಸೆಯುವುದು ಎಂದು ಇನ್ನು ಕೆಲವರು. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ.

ಜೋಳದಹೊಲ:
ಕನ್ನಡದಲ್ಲೇ ಹೇಳಬಹುದಲ್ವಾ? ಹಳೆಯ ಕಾವ್ಯಗಳ ಯುದ್ಧದಲ್ಲಿ ಕಲ್ಲೆಸೆಯುವ ಯಂತ್ರಕ್ಕೆ ಡೆಂಕಣಿ ಅಂತ ಇದೆ. ಕವಣೆ ಅಂದರೆ ಬೇರೆ. ಅದು ನಮ್ಮಜ್ಜ ಅಟ್ಟಣಿಗೆ ಮೇಲೆ ನಿಂತು ಜೋಳಕ್ಕೆ ಬಂದ ಹಕ್ಕಿ ಓಡಿಸುತ್ತಿದ್ದುದು, ಕೈಯಲ್ಲಿ ತಿರುಗಿಸಿ ಬಿಡುವುದು. ಕ್ಯಾಟರ್‌ಬಿಲ್ಲು ಅಂದರೆ ಕವೆಗೆ ರಬ್ಬರ್ ಕಟ್ಟಿದ್ದು. ಇಷ್ಟು ಚಂದದ ಪದಗಳನ್ನು ನಾವೇ ಒಂದರೊಳಗೊಂದು ಕಲಸಿಬಿಟ್ಟಿದ್ದೇವೆ.

ತೊಲೆಮನೆ:
ಆರು ಬಾಣ ಮಾಡಿದೆ. ಇಡೀ ಭಾನುವಾರ ಹೋಯ್ತು. ಈಗಲೂ ಎಡಕ್ಕೇ.

ಗರಿಗಾರ:
ರೆಕ್ಕೆ ಎಷ್ಟು ದಪ್ಪ? ಉಜ್ಜಿ ತೆಳ್ಳಗೆ ಮಾಡಿ. ಬಾಣದ ತೂಕ ಮುಂದಕ್ಕಿರಲಿ.

ಅಡಿಕೆತೋಟ:
ನಾನು ಕಳೆದ ವರ್ಷ ಓನಗರ್ ಮಾಡಿದೆ, ತೋಳು ಒಂದೂವರೆ ಮೀಟರ್, ಅಡಿಕೆ ದಬ್ಬೆಯಲ್ಲ, ಹೊನ್ನೆ ಮರ. ಸುಲಿದ ತೆಂಗಿನಕಾಯಿ ತೋಟದ ಆ ಬದಿಗೆ ಹೋಗಿ ಬೀಳುತ್ತದೆ. ಒಂದೇ ತೋಳು, ಒಂದೇ ಹಗ್ಗದ ಕಟ್ಟು, ಎಡ ಬಲ ಅನ್ನುವ ತಕರಾರೇ ಇಲ್ಲ. ಇದನ್ನೇ ಮಾಡಿ.

ಮೈನ್‌ದಂಡೆ:
ಅವರು ಕೇಳಿದ್ದು ಅದಲ್ಲ. ತೊಲೆಮನೆಯವರೇ, ಗರಿ ಬಿಟ್ಟುಬಿಡಿ. ಎರಡೂ ಬದಿಯ ಹಗ್ಗದ ಬಿಗಿ ಒಂದೇ ಇದೆಯಾ? ನೋಡಿದ್ದು ಹೇಗೆ? ಜರ್ಮನಿಯಲ್ಲಿ ನಾನಿರುವ ಊರಿನ ಹತ್ತಿರವೇ ರೋಮನ್ನರ ಜಾಲ್‌ಬುರ್ಗ್ ಕೋಟೆ. ಹಿಂದಿನ ಶತಮಾನದ ಮೊದಲಿಗೆ ಷ್ರಾಮ್ ಎಂಬ ಜರ್ಮನ್ ಸೇನಾಧಿಕಾರಿ ಕಟ್ಟಿಸಿದ ಯಂತ್ರಗಳು ಅಲ್ಲಿವೆ. ಎದುರು ನಿಂತು ನೋಡಿದಾಗ ಅರ್ಥವಾಯಿತು, ಎರಡು ಹಗ್ಗದ ಕಟ್ಟು ಸಮ ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ದಂಡ.

ತೊಲೆಮನೆ:
ಎರಡಕ್ಕೂ ವಾಷರನ್ನು, ಅಂದರೆ ಹಗ್ಗದ ತುದಿ ಹಿಡಿದು ಬಿಗಿಯುವ ಬಳೆಯನ್ನು, ಒಂದೂವರೆ ಸುತ್ತು ತಿರುಗಿಸಿದ್ದೇನೆ. ಸಮವೇ ಇರಬೇಕಲ್ವಾ.

ಶ್ರುತಿಪೆಟ್ಟಿಗೆ:
ಸುತ್ತು ಎಣಿಸಬೇಡಿ, ಕಿವಿಯಿಂದ ಕೇಳಿ. ವಿಟ್ರೂವಿಯಸ್ ಮೊದಲನೇ ಪುಸ್ತಕದಲ್ಲೇ ಹೇಳಿದ್ದಾನೆ, ಕಟ್ಟುವವನಿಗೆ ಸಂಗೀತ ಗೊತ್ತಿರಬೇಕು ಅಂತ. ಯಾಕೆಂದರೆ ಎರಡೂ ಬದಿಯ ಹುರಿ ಮೀಟಿದಾಗ ಒಂದೇ ನಾದ ಬರುವ ತನಕ ಬಿಗಿಯಬೇಕು. ಬರದಿದ್ದರೆ ಎರಡು ತೋಳು ಒಂದೇ ಬಲದಲ್ಲಿ ಹೊಡೆಯುವುದಿಲ್ಲ, ಬಾಣ ನೇರ ಹೋಗುವುದಿಲ್ಲ. ನಾನು ತಂಬೂರಿ ಹಿಡಿಯುವವಳು, ನಡುವಿನ ಎರಡು ತಂತಿ ಒಂದೇ ಷಡ್ಜಕ್ಕೆ ಕೂರಿಸುತ್ತೇವಲ್ಲ, ಥೇಟ್ ಹಾಗೆ. ಆ ಸಾಲು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಎರಡು ಸಾವಿರ ವರ್ಷದ ಹಿಂದೆ ಯಾರೋ ಯುದ್ಧದ ಯಂತ್ರಕ್ಕೆ ಕಿವಿಗೊಟ್ಟು ಶ್ರುತಿ ಮಾಡುತ್ತಿದ್ದ.

ತೊಲೆಮನೆ:
ಮೇಡಂ, ಮೀಟಿ ನೋಡಿದೆ. ಎಡದ್ದು ಟಣ್ ಅನ್ನುತ್ತದೆ, ಬಲದ್ದು ಮಂಕು. ಫೋನಿನ ಟ್ಯೂನರ್ ಇಟ್ಟುಕೊಂಡು ಬಲಗಡೆ ಬಿಗಿದು ಒಂದೇ ಸ್ವರಕ್ಕೆ ತಂದೆ. ಈಗ ಬಾಣ ಬಲಕ್ಕೆ ಹೋಗುತ್ತಿದೆ! ಮತ್ತೆ ಮಾರನೇ ಬೆಳಗ್ಗೆ ಎಡಕ್ಕೆ. ತಲೆ ಕೆಟ್ಟಿದೆ.

ಮೈನ್‌ದಂಡೆ:
ಒಂದು ರಾತ್ರಿಯಲ್ಲಿ ಬದಲಾಯಿತಾ? ಹಗ್ಗ ಯಾವುದು?

ತೊಲೆಮನೆ:
ಬಿಳಿ ಹಗ್ಗ. ಎಡಕ್ಕೆ ಸುತ್ತುವಷ್ಟರಲ್ಲಿ ನೈಲಾನ್ ಮುಗಿಯಿತು, ಬಲಕ್ಕೆ ಮನೆಯಲ್ಲಿದ್ದ ಹತ್ತಿ ಹಗ್ಗ ಹಾಕಿದೆ. ದಪ್ಪ ಒಂದೇ.

ಮೈನ್‌ದಂಡೆ:
ಇದನ್ನು ಮೊದಲೇ ಹೇಳಬಾರದಿತ್ತಾ ಸರ್! ದಪ್ಪ ಒಂದೇ ಆದರೆ ಸಾಲದು. ನೈಲಾನ್ ಹಿಗ್ಗಿ ಮರಳುತ್ತದೆ, ಹತ್ತಿ ಅಷ್ಟು ಮರಳುವುದಿಲ್ಲ, ಮಳೆಗಾಲದ ತೇವಕ್ಕೆ ಬಿಗಿಯೂ ಬದಲಾಗುತ್ತದೆ. ನಾದ ನೋಡುವ ಉಪಾಯ ಎರಡೂ ಬದಿಗೆ ಒಂದೇ ಹುರಿ ಇದ್ದರೆ ಮಾತ್ರ ನಿಲ್ಲುತ್ತದೆ. ರೋಮನ್ನರು ಪ್ರಾಣಿಗಳ ಸ್ನಾಯುವಿನ ನಾರಿನ ಹುರಿ ಹಾಕುತ್ತಿದ್ದರು, ಇಲ್ಲದಿದ್ದರೆ ಕೂದಲು. ರೋಮನ್ನರ ಜೊತೆಗಿನ ಕೊನೆಯ ಯುದ್ಧದಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್‌ ನಗರದ ಹೆಂಗಸರು ಯಂತ್ರದ ಹಗ್ಗಕ್ಕೆ ತಮ್ಮ ಕೂದಲು ಕತ್ತರಿಸಿ ಕೊಟ್ಟರು. ಹುರಿ ಅಂದರೆ ಅಷ್ಟು ಮುಖ್ಯ. ಎರಡೂ ಬಿಚ್ಚಿ, ಒಂದೇ ಉಂಡೆಯ ನೈಲಾನ್ ಸುತ್ತಿ.

ಗರಿಗಾರ:
ಗರಿಯನ್ನೂ ಒಮ್ಮೆ ನೋಡಿಕೊಳ್ಳಿ.

ತೊಲೆಮನೆ:
ಹತ್ತು ದಿನ ಆಯ್ತು, ಬರೆಯಲು ಆಗಲಿಲ್ಲ. ಎರಡೂ ಬಿಚ್ಚಿ ಒಂದೇ ಉಂಡೆಯಿಂದ ಸುತ್ತಿದೆ. ಒಂದು ರಾತ್ರಿ ಬಿಟ್ಟು ಮತ್ತೆ ಶ್ರುತಿ ಮಾಡಿದೆ, ಮಗಳು ಕಿವಿಯಿಟ್ಟು ಹೇಳಿದಳು. ಹತ್ತು ಬಾಣದಲ್ಲಿ ಎಂಟು ಒಂದು ಅಂಗೈ ಅಗಲದೊಳಗೆ. ಮೇಡಂಗೆ, ಮೈನ್‌ದಂಡೆಯವರಿಗೆ ತುಂಬಾ ಥ್ಯಾಂಕ್ಸ್. ಈಗ ಇನ್ನೊಂದು ತೊಂದರೆ, ಬಿಗಿ ಜಾಸ್ತಿಯಾಗಿ ಮರದ ವಾಷರ್ ಸೀಳುತ್ತಿದೆ. ರೋಮನ್ನರದ್ದು ಸಾಮಾನ್ಯವಾಗಿ ಕಂಚು. ಹುಬ್ಬಳ್ಳಿ ಕಡೆ ಸಣ್ಣ ಕಂಚಿನ ಎರಕ ಮಾಡಿಕೊಡುವವರು ಯಾರಾದರೂ ಗೊತ್ತಾ? ನಾಲ್ಕೇ ನಾಲ್ಕು ಬೇಕು.

ಕೋಟೆಕೊತ್ತಲ:
ಶೀರ್ಷಿಕೆ ಇನ್ನೂ ಬದಲಾಯಿಸಿಲ್ಲ.

ತೊಲೆಮನೆ:
ಎರಕದವರು ಯಾರಾದರೂ?